ತಂಪು ಹರಿಯುವ ದಾರಿ

ಊದಿನಕಡ್ಡಿಯ ಹೊಗೆ ಮೇಲೇರಲಿಲ್ಲ. ಮಾಳಿಗೆಯ ಬಿಳಿ ಹಾಸಿನ ಮೇಲೆ ತುಸು ತಡವರಿಸಿ, ಚೆಲ್ಲಿದ ಹಾಲಿನಂತೆ ಹರಡಿ, ಮಳೆನೀರು ಹೋಗುವ ಕಿಂಡಿಯಿಂದ ಓಣಿಗೆ ಇಳಿಯಿತು. ಮೇ ತಿಂಗಳ ನಡುಮಧ್ಯಾಹ್ನ, ಕಲಬುರಗಿಯ ಬಿಸಿಲು. ವಿಜ್ಞಾನಿ ಆಬಿದಾ ಖಾಜಿ ಮಾತ್ರ ಬರಿಗಾಲಿನಲ್ಲಿ ಮಾಳಿಗೆಯ ಮೇಲೆ ನಿಂತಿದ್ದಳು. ಅಂಗಾಲು ಬಾವಿಕಟ್ಟೆಯ ಮೇಲೆ ಇಟ್ಟಷ್ಟು ತಣ್ಣಗಿತ್ತು.

ಅದು ಎರಡು ಸಾವಿರದ ಐವತ್ತೆಂಟನೆಯ ಇಸವಿ. ಶಹಾಬಾದಿನ ಸುಣ್ಣಗಲ್ಲಿನ ಪುಡಿಗೆ ಗಾಜಿನ ಹುಡಿ ಬೆರೆಸಿ ಒತ್ತಿದ ಆ ಬಿಲ್ಲೆಗೆ ಆಬಿದಾ ತಂಪುಗಲ್ಲು ಎಂದು ಹೆಸರಿಟ್ಟಿದ್ದಳು. ಮೇಲೆ ಬಿದ್ದ ಬಿಸಿಲನ್ನು ಅದು ಹಿಂದಕ್ಕೆ ಅಟ್ಟುತ್ತಿತ್ತು. ತನ್ನೊಳಗಿನ ಕಾವನ್ನು ಗಾಳಿ ಹಿಡಿದಿಡಲಾರದಂಥ ಅದೃಶ್ಯ ಕಿರಣವಾಗಿಸಿ ನೇರ ಆಕಾಶದಾಚೆಗೆ ಕಳಿಸುತ್ತಿತ್ತು. ಮೋಡವಿಲ್ಲದ ರಾತ್ರಿ ಮಾಳಿಗೆ ತಣಿಯುವುದೂ ಹೀಗೆಯೇ; ತಂಪುಗಲ್ಲು ಆ ಕೆಲಸವನ್ನು ಹಗಲಿನಲ್ಲಿ, ವಿದ್ಯುತ್ತಿನ ಹಂಗಿಲ್ಲದೆ ಮಾಡುತ್ತಿತ್ತು. ಅದನ್ನು ಸೋಕಿದ ಗಾಳಿ ತಣಿದು ಭಾರವಾಗಿ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೊರಡುತ್ತಿತ್ತು.

ಗಾಣಿಗರ ಓಣಿಯ ಎಲ್ಲ ಮಾಳಿಗೆಗಳಿಗೂ ತಂಪುಗಲ್ಲು ಬಿದ್ದಿತ್ತು. ಜನ ಹರಸಿದ್ದರು. ಆದರೆ ಓಣಿಯ ಕೆಳತುದಿಯಲ್ಲಿ, ತಗಡಿನ ಚಾವಣಿಯಡಿ ಹತ್ತಾರು ಒಲೆ ಉರಿಯುವ ರೊಟ್ಟಿ ಕೇಂದ್ರ ಮಾತ್ರ ಕುದಿಯುತ್ತಲೇ ಇತ್ತು. ಆ ತಗಡು ಕಲ್ಲಿನ ಭಾರ ತಾಳುವಂತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಅಲ್ಲಿ ರೊಟ್ಟಿ ಬಡಿಯುತ್ತಲೇ ಕುಸಿದ ನೀಲಮ್ಮ ಮತ್ತೆ ಏಳಲಿಲ್ಲ. ಆ ಸುದ್ದಿ ಕೇಳಿದಂದಿನಿಂದ ಆಬಿದಾಗೆ ತನ್ನ ಶೋಧದ ಹೊಗಳಿಕೆ ಕಿವಿಗೆ ಹಿತವಾಗುತ್ತಿರಲಿಲ್ಲ.

"ಮೇಡಂ, ಕೆಳಗ ಬರ್ರಿ," ಎಂದು ಓಣಿಯಿಂದ ಸುವರ್ಣಾ ಹರವಾಳ ಕೂಗಿದಳು. ನಗರದ ಬೀದಿ, ಕಟ್ಟಡಗಳ ಯೋಜನೆ ಮಾಡುವುದು ಅವಳ ಉದ್ಯೋಗ. "ನಿಮ್ಮ ತಂಪು ಎಲ್ಲಿ ನಿಂತದ ತೋರಸ್ತೀನಿ."

ಹೊಗೆಯ ಬೆನ್ನು ಹಿಡಿದು ಇಬ್ಬರೂ ನಡೆದರು. ಅದು ಓಣಿಯ ಕೊನೆಯ ಮನೆಯ ಗೇಟಿನ ಸರಳುಗಳ ನಡುವೆ ನುಸುಳಿ, ಅಂಗಳ ದಾಟಿ, ಹಿಂದಿನ ಎತ್ತರದ ಗೋಡೆಗೆ ಬಡಿದು ಸುತ್ತತೊಡಗಿತು. ಅಲ್ಲಿಯೇ ಕಾದು, ಕರಗಿಹೋಯಿತು. ಗೋಡೆಯ ಆಚೆಗೇ ರೊಟ್ಟಿ ಕೇಂದ್ರ.

ಮನೆಯ ಯಜಮಾನ ಮಾಣಿಕರಾವ್ ದೇಗಾಂವ್ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಬಂದವರ ಮಾತನ್ನು ಪೂರ್ತಿ ಕೇಳಿದರು. "ಗ್ವಾಡಿ ಕೆಡವಲಿಕ್ಕ ಬಿಡಂಗಿಲ್ರೀ," ಎಂದರು. "ಕಳ್ಳರು ಹೊಕ್ಕು ನನ್ನ ಹೆಂಡತಿ ಕೊರಳಾಗಿಂದು ಹರಕೊಂಡು ಹೋದ ಮ್ಯಾಲ ಕಟ್ಟಿಸಿದ ಗ್ವಾಡಿ ಇದು. ಇದು ಎದ್ದ ಮ್ಯಾಲೇ ಆಕಿ ನಿಶ್ಚಿಂತಿಲೆ ಮಲಗಿದ್ದು. ಈಗ ಆಕಿ ಇಲ್ಲ. ಗ್ವಾಡಿ ಅದ."

ಆಬಿದಾಳ ನಾಲಿಗೆಯ ತುದಿಗೆ ಕಾಯಿದೆಯ ಮಾತು ಬಂದಿತ್ತು. ಸುವರ್ಣಾ ಅವಳ ಕೈ ಅದುಮಿ ಸುಮ್ಮನಾಗಿಸಿ, ಇನ್ನೊಂದು ಊದಿನಕಡ್ಡಿ ಹಚ್ಚಿ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಹೊಗೆ ಮೊಣಕಾಲಿನ ಮಟ್ಟಕ್ಕಿಂತ ಮೇಲೆ ಬರಲೇ ಇಲ್ಲ.

"ಕಾಕಾ, ಕಳ್ಳ ಇಷ್ಟು ತಗ್ಗಿನಾಗ ಬರ್ತಾನೇನ್ರೀ?"

ಮಾಣಿಕರಾವ್ ಬಾಗಿ ನೋಡಿದರು.

"ಗ್ವಾಡಿ ಹಂಗೇ ಇರ್ಲಿ. ಬುಡದಾಗ ಅಷ್ಟೇ ಸಣ್ಣ ಸಣ್ಣ ಕಿಂಡಿ ಇರೋ ಕಲ್ಲಿನ ಜಾಲಂದ್ರ ಕೂಡಸೋಣು. ಕೈ ಸೈತ ತೂರಂಗಿಲ್ಲ. ತಂಪು ಒಂದೇ ತೂರ್ತದ."

ಅವರು ಗೋಡೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಕೇಳಿದರು: "ಹೋದ ವರ್ಷ ಸತ್ತಾಕಿ, ಈ ಗ್ವಾಡಿ ಹಿಂದೇ ಏನು?"

"ಹೌದ್ರಿ. ನೀಲಮ್ಮ."

"ಬಡಿಯೋ ಸಪ್ಪಳ ಕೇಳತಿತ್ತು. ಒಂದು ದಿನ ಒಮ್ಮಿಗೇ ನಿಂತಿತು. ಯಾಕ ನಿಂತಿತು ಅಂತ ನಾ ಎದ್ದು ನೋಡ್ಲಿಲ್ಲ." ಅವರು ಒಳಗೆ ಹೋಗುತ್ತ ತಿರುಗಿ ನೋಡದೆಯೇ ಹೇಳಿದರು, "ಜಾಲಂದ್ರ ಕೂಡಸ್ರಿ."

ಜಾಲಂದ್ರ ಕೂತ ಮರುವಾರವೇ ಬಿಸಿಗಾಳಿ ಅಪ್ಪಳಿಸಿತು. ಹಕ್ಕಿಗಳು ತಂತಿಯಿಂದ ಉದುರಿದವು. ಊರಿನ ಎಸಿಗಳೆಲ್ಲ ಒಮ್ಮೆಲೇ ಎಳೆದ ಎಳೆತಕ್ಕೆ ವಿದ್ಯುತ್ ಜಾಲ ಕುಸಿದುಬಿತ್ತು. ಆಬಿದಾ ಪ್ರಯೋಗಾಲಯದಿಂದ ಹೊರಬಿದ್ದಳು. ದಾರಿಯುದ್ದಕ್ಕೂ ಒಂದೇ ಯೋಚನೆ: ಲೆಕ್ಕ ತಪ್ಪಿದ್ದರೆ? ಕೇಂದ್ರದ ಹತ್ತಿರ ಬರುತ್ತಿದ್ದಂತೆ ಓಡತೊಡಗಿದಳು. ಆಗ ಕೇಳಿಸಿತು, ಪಟಪಟ, ಪಟಪಟ. ಹತ್ತಾರು ಕೈಗಳು ರೊಟ್ಟಿ ಬಡಿಯುತ್ತಿದ್ದವು.

"ಯಾಕ್ರೀ ಬಾಯೋರೆ, ಹಿಂಗ ಓಡಿ ಬಂದೀರಿ?" ಕೇಂದ್ರ ನಡೆಸುವ ಚಂದಮ್ಮ ಹಿಟ್ಟಿನ ಕೈಯಲ್ಲೇ ನೀರಿನ ಚೊಂಬು ಚಾಚಿದಳು. "ಕಾಲ ಬಲ್ಲಿ ತಣ್ಣಗ ಏನೋ ಹರದಂಗಾಯ್ತು. ಮದ್ಲ ಹಾವು ಅನಕೊಂಡು ಎಲ್ಲಾರೂ ಎದ್ದು ಓಡಿದ್ವಿ."

ಹೆಂಗಸರು ನಕ್ಕರು. ಒಲೆಯ ಉರಿ ಗೋಡೆಗೆ ಬೆನ್ನು ಮಾಡಿ ಮೆಲ್ಲಗೆ ಬಾಗಿತ್ತು. ಆಬಿದಾ ಹಿಟ್ಟಿನ ಚೀಲಕ್ಕೆ ಒರಗಿ ನೆಲದ ಮೇಲೆ ಕುಳಿತುಬಿಟ್ಟಳು. ನಗಬೇಕೆಂದುಕೊಂಡಳು, ಕಣ್ಣೀರು ಬಂತು. ಅಷ್ಟರಲ್ಲಿ ಗೋಡೆಯಾಚೆಯಿಂದ ದನಿ ಕೇಳಿತು: "ಚಂದಮ್ಮಾ, ತಂಪು ಬರ್ಲಕತ್ತದೇನು?"

"ಬರ್ಲಕತ್ತದ್ರೀ ಕಾಕಾ. ನೀವು ಉಂಡೀರಿಲ್ಲೋ?"

ಆ ಬೇಸಿಗೆ ಕೇಂದ್ರದಲ್ಲಿ ಯಾರೂ ಕುಸಿಯಲಿಲ್ಲ. ಬೇರೆ ಓಣಿಯವರೂ ಬಂದು ನೋಡಿಕೊಂಡು ಹೋದರು. ಮಳೆಗಾಲಕ್ಕೆ ಮುಂಚೆ, ನಗರದ ಹೊಸ ಕಟ್ಟಡ ನಿಯಮಗಳನ್ನು ಚರ್ಚಿಸಲು ಒಂದು ಹಳೆಯ ಕಟ್ಟಡದಲ್ಲಿ ಸಭೆ ಸೇರಿತು. ಮನೆ ಕಟ್ಟುವ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕೇಳಬೇಕೆಂದು ಸುವರ್ಣಾ ಪಟ್ಟು ಹಿಡಿದಳು: ನಿಮ್ಮ ಮನೆಯ ಬಿಸಿ ಎಲ್ಲಿಗೆ ಹೋಗುತ್ತದೆ?

ಅಧ್ಯಕ್ಷತೆ ವಹಿಸಿದ್ದ ಹಿರಿಯ ಅಧಿಕಾರಿ ವಿಶ್ವಂಭರ ಮುಗುಳ್ನಕ್ಕರು. "ಬಿಸಿಗೂ ವಿಳಾಸ ಇರ್ತದೇನ್ರೀ?"

"ಇರ್ತದ್ರಿ ಸರ್," ಎಂದಳು ಸುವರ್ಣಾ. "ಯಾವಾಗ್ಲೂ ಬಾಜೂ ಮನೀದೇ ಇರ್ತದ."

ವಿಶ್ವಂಭರ ಕುರ್ಚಿ ಹಿಂದಕ್ಕೆ ಸರಿಸಿದರು. ಎದ್ದು ಹೋಗಿ, ವರ್ಷಗಳಿಂದ ಮುಚ್ಚಿಯೇ ಇದ್ದ ಹಿಂಬದಿಯ ಕಿಟಕಿಯನ್ನು ತಳ್ಳಿ ತೆರೆದರು. ಕೆಳಗೊಂದು ಇಕ್ಕಟ್ಟಾದ ಸಂದಿ. ಮೂವತ್ತು ವರ್ಷದ ಹಿಂದೆ ಗೋಡೆಗೆ ಸಾಲಾಗಿ ಜಡಿದ ಎಸಿ ಪೆಟ್ಟಿಗೆಗಳು ಈ ಕೋಣೆಯ ಬಿಸಿಯನ್ನು ಅಲ್ಲಿಗೆ ಕಾರುತ್ತಿದ್ದವು. ಅವುಗಳ ಕೆಳಗೆ ಹಣ್ಣಿನ ಬುಟ್ಟಿ ಇಟ್ಟುಕೊಂಡು, ತಲೆಗೆ ಒದ್ದೆ ಬಟ್ಟೆ ಹೊದ್ದು ಒಬ್ಬಳು ಮುದುಕಿ ಕುಳಿತಿದ್ದಳು.

"ಈಕಿ ಯಾವಾಗಿಂದ ಇಲ್ಲಿ ಕೂಡ್ಲಕತ್ತಾಳ?" ಎಂದು ಅವರು ಕೇಳಿದರು.

ಆಬಿದಾ ಸುವರ್ಣಾಳ ಮುಖ ನೋಡಿದಳು. ಸುವರ್ಣಾ ತಲೆ ತಗ್ಗಿಸಿದಳು. ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಿಶ್ವಂಭರ ಗೋಡೆಯತ್ತ ನಡೆದು ತಾವೇ ಎಸಿಯ ಸ್ವಿಚ್ ಆರಿಸಿದರು.