ಬೆಂಕಿಯಂಚಿಗೆ ಹಿಮದ ಕಾಳು

ಕ್ಯಾಮೆರಾದವನ ಚಿತ್ರ ಕೆಡದಿರಲಿ ಎಂದು ಐಸ್ ಮೇಡಂ ಹಿಮದ ಕಾಳು ಕಡಿಮೆ ಮಾಡಿದ್ದೇ ಎಡವಟ್ಟಾಯಿತು.

ಅವರಿಬ್ಬರು ದುಡಿಯುವ, ಪರಮಾಣು ಬೆಸೆದು ಶಕ್ತಿ ತೆಗೆಯುವ ಯಂತ್ರದ ಹೊಟ್ಟೆಯಲ್ಲಿ ಸೂರ್ಯನ ಒಡಲಿಗಿಂತ ಬಿಸಿಯಾದ ಪ್ಲಾಸ್ಮಾ ಎಂಬ ಅನಿಲ ಸುತ್ತುತ್ತದೆ. ಅದನ್ನು ತಾಳುವ ಪಾತ್ರೆ ಲೋಕದಲ್ಲಿಲ್ಲ. ಗೋಡೆಗೆ ತಾಗದಂತೆ ಅಯಸ್ಕಾಂತಗಳೇ ತೂಗಿ ಹಿಡಿಯಬೇಕು. ಆದರೂ ಅಂಚಿನಲ್ಲಿ ಒತ್ತಡ ಕೂಡಿ ಕೂಡಿ ಒಮ್ಮೆಲೇ ಸಿಡಿಯುತ್ತದೆ, ಗೋಡೆ ಸುಡುತ್ತದೆ. ಅದಕ್ಕೇ ಹೆಪ್ಪುಗಟ್ಟಿಸಿದ ಹೈಡ್ರೋಜನ್ನಿನ ಕಾಳುಗಳನ್ನು ಅಂಚಿಗೆ ಹೊಡೆಯುತ್ತಲೇ ಇರುವುದು. ಕಾಳು ತಾಗಿದಲ್ಲೆಲ್ಲ ಒತ್ತಡ ಚೂರುಚೂರೇ ಸಿಡಿದುಹೋದರೆ ದೊಡ್ಡ ಸಿಡಿತಕ್ಕೆ ಬಲ ಉಳಿಯದು. ಕಾಳು ಹೊಡೆಯುವ ಕೆಲಸ ಅವಳದು, ಅಂಚನ್ನು ಕ್ಯಾಮೆರಾದಲ್ಲಿ ಕಾಯುವುದು ಅವನದು.

ನಿಮ್ಮ ಐಸು ನನ್ನ ಚಿತ್ರದ ತುಂಬ ಕಿಡಿ ಚೆಲ್ಲುತ್ತದೆ ಎಂದು ಅವನು ತಮಾಷೆಗೆ ಅಂದಿದ್ದ, ಅವಳೊಮ್ಮೆ ತಿರುಗಿ ನೋಡಲಿ ಎಂದು. ಅವಳು ನಿಜವೆಂದೇ ನಂಬಿದಳು. ಮರುದಿನ ಅಂಚು ಸಿಡಿದು ಗೋಡೆಯ ಬಿಲ್ಲೆಯೊಂದು ಕರಗಿತು.

ಎಲ್ಲರೂ ಅಕ್ಕ ಎನ್ನುವ ಮುಖ್ಯಸ್ಥೆ ಬೈಯಲಿಲ್ಲ. ಇನ್ನೊಮ್ಮೆ ಹೀಗಾದರೆ ಯಂತ್ರ ಮುಚ್ಚಿ ಅವಳನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಬೇಕಾಗುತ್ತದೆ ಎಂದರು. ಅವಳು ಕಾರಣ ಬಾಯಿಬಿಡಲಿಲ್ಲ. ಆ ದಿನದ ಚಿತ್ರ ಕಿಡಿಗಳಿಲ್ಲದೆ ತೊಳೆದಿಟ್ಟಂತೆ ಸ್ವಚ್ಛವಾಗಿದ್ದುದನ್ನು ಕಂಡು ಅವನಿಗೆ ಎಲ್ಲ ತಿಳಿಯಿತು. ಅಕ್ಕನ ಬಳಿ ಹೋಗಿ ತಪ್ಪು ತನ್ನದೆಂದ.

"ನನಗ್ಯಾಕಪ್ಪ ಹೇಳ್ತೀಯ? ಕೇಳಬೇಕಾದವಳು ಪಕ್ಕದ ಕೋಣೇಲಿದಾಳೆ."

ಅವಳು ಮಂಜು ಕಟ್ಟಿದ ಕೊಳವೆಯೊಂದನ್ನು ಒರೆಸುತ್ತಿದ್ದಳು.

"ನನ್ನ ಚಿತ್ರ ಹಾಳಾಗಿ ಹೋಗಲಿ. ಕಾಳು ಹೊಡೆಯೋದ್ರಲ್ಲಿ ನೀವು ಕೈ ಬಿಗಿ ಹಿಡೀಬೇಡಿ," ಎಂದ.

"ಚಿತ್ರ ಅಂದ್ರೆ ನಿಮಗೆ ಪ್ರಾಣ ಅಲ್ವಾ?"

"ಒಂದೊಂದು ಕಿಡಿ ಕಂಡಾಗಲೂ ಇದು ನೀವು ಅಂದ್ಕೋತೀನಿ. ಅದಕ್ಕೇ ನೋಡ್ತಾ ಕೂತಿರ್ತೀನಿ."

ಅವಳು ತಿರುಗಲಿಲ್ಲ. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕಿವಿ ಮಾತ್ರ ಕೆಂಪಾಗಿತ್ತು.

ಮತ್ತೆ ಯಂತ್ರ ಓಡಿತು. ಕಾಳುಗಳು ಎಡೆಬಿಡದೆ ಹೋದವು, ಗೋಡೆ ಉಳಿಯಿತು. ಅಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮೀಟರುಗಳಷ್ಟೇ ಇರುವ ಕೋಣೆಯಲ್ಲಿ ದುಡಿಯುವ ಅವಳು ಆ ಚಿತ್ರವನ್ನು ನೋಡಿದವಳೇ ಅಲ್ಲ. ಅವನು ಕರೆತಂದು ನಿಧಾನವಾಗಿ ಓಡಿಸಿ ತೋರಿಸಿದ. ನಡುವೆ ಬರೀ ಕತ್ತಲೆ. ಅಲ್ಲಿಯ ಬಿಸಿ ಎಷ್ಟೆಂದರೆ ಅದರ ಬೆಳಕು ಕಣ್ಣಿಗೆ ಕಾಣದು. ಸುತ್ತ ತೆಳುವಾದ ಗುಲಾಬಿ ಅಂಚು. ಕಾಳೊಂದು ಬಂದು ತಾಗಿದೊಡನೆ ಅಲ್ಲೊಂದು ಬಿಳಿ ಹೂವರಳಿ, ಅಂಚು ಉಸಿರು ಬಿಟ್ಟಂತೆ ಸಡಿಲವಾಗುತ್ತಿತ್ತು. ಅವಳ ಕೈ ತಾನಾಗಿ ಅವನ ತೋಳು ಹಿಡಿಯಿತು.

"ಇದೆಲ್ಲ ನಾನು ಕಳಿಸಿದ್ದಾ?"

"ಒಂದೊಂದೂ."

ಕೊನೆಯ ಕಿಡಿ ಆರುವವರೆಗೂ ಅವಳು ಆ ತೋಳು ಬಿಡಲಿಲ್ಲ. ಆಮೇಲೆ ಅವಳು ಮೆಲ್ಲಗೆ, "ಭಾನುವಾರ ಮನೆಗೆ ಬನ್ನಿ. ಯಾರು ಅಂತ ಅಮ್ಮ ಕೇಳ್ತಾರೆ. ಏನು ಹೇಳ್ಲಿ?" ಎಂದಳು.

"ಅಳಿಯ ಅನ್ನಿ."