ಇನ್ನೊಂದು ಸಲ ಯು

“ಅಯ್ಯಯ್ಯೋ! ಎಲ್ಲಾ ಹೋತು!”

ಬೇವೂರಿನ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ದ್ರಾಕ್ಷಾಯಿಣಿ ಕಿರುಚಿದಳು. ಆರನೇ ತರಗತಿಯ ಇಪ್ಪತ್ತೆರಡು ಮಕ್ಕಳು ತಮ್ಮ ಅಜ್ಜಿಯರನ್ನು ಕೇಳಿ ಒಂದೊಂದು ಒಗಟು ತಂದಿದ್ದರು. ಬೆಳಗಿನಿಂದ ಕೂತು ಅವಳೇ ಎಲ್ಲ ಟೈಪ್ ಮಾಡಿದ್ದಳು. ಈಗ ಕಪ್ಪು ಪರದೆಯ ಮೇಲೆ ಒಂದಕ್ಷರವೂ ಇಲ್ಲ! ಸೇವ್ ಬೇರೆ ಮಾಡಿರಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಅಜ್ಜಿಯರು ಆಗಲೇ ಬಂದು ಕೂತಿದ್ದರು. ಇನ್ನೇನು ಶಾಂತಕುಮಾರ ಸರ್ ಪ್ರಿಂಟ್ ತೆಗೆದು ಅವರಿಗೆ ಓದಿ ಹೇಳುವವರಿದ್ದರು.

ಆ ಕಂಪ್ಯೂಟರಿಗೆ ಮೌಸ್ ಇಲ್ಲ. ಬರೆಯುವುದು, ಅಳಿಸುವುದು ಎಲ್ಲ ಕೀಬೋರ್ಡಿನಿಂದಲೇ. ಡಿ ಎರಡು ಸಲ ಒತ್ತಿದರೆ ಒಂದು ಸಾಲು ಮಾಯ. ಡಿ ಒತ್ತಿ ದೊಡ್ಡ ಜಿ ಒತ್ತಿದರೆ ಅಲ್ಲಿಂದ ಕೆಳಗಿರುವುದೆಲ್ಲ ಮಾಯ.

ದ್ರಾಕ್ಷಾಯಿಣಿಯ ಬೆರಳು ಬಿದ್ದದ್ದು ದೊಡ್ಡ ಜಿ ಮೇಲೆ. ಅದಕ್ಕೂ ಮೊದಲು ಅವಳು ಬೇಕಂತಲೇ ಒಂದು ಸಾಲು ಅಳಿಸಿದ್ದಳು. ಅದು ಎಲ್ಲಕ್ಕಿಂತ ಮೇಲಿದ್ದ ಹುಲಿಗೆಪ್ಪನ ಒಗಟು. ನಿನ್ನೆ ಖೊ-ಖೊ ಆಡುವಾಗ ಆಮೆಯಂತೆ ಓಡುತ್ತಾಳೆಂದು ಅವನು ಎಲ್ಲರ ಮುಂದೆ ಅವಳನ್ನು ‘ಆಮಿ’ ಎಂದಿದ್ದ. ‘ಮಾಡ್ತೀನಿ ತಡಿ ನಿನಗ’ ಎಂದು ಅಳಿಸಿದಳು. ಕೆಳಗಿನ ಖಾಲಿ ಸಾಲನ್ನೂ ತೆಗೆಯಲು ಹೋಗಿ, ಅವಸರದಲ್ಲಿ ಕೈ ತಪ್ಪಿತು.

“ಆಫ್ ಮಾಡಿ ಆನ್ ಮಾಡ್ತೀನಿ” ಎಂದು ಅವಳು ಸ್ವಿಚ್ಚಿಗೆ ಕೈ ಹಾಕಿದಳು.

“ಏಯ್ ಬ್ಯಾಡ! ಆಫ್ ಮಾಡಿದ್ರ ಖಲಾಸ್!” ಹುಲಿಗೆಪ್ಪ ಓಡಿಬಂದ. “ಯು ಒತ್ತು. ಒಂದು ಹೆಜ್ಜಿ ಹಿಂದಕ್ಕ ಹೋಗತೈತಿ. ಸರ್ ತೋರ್ಸ್ಯಾರ.”

ಒತ್ತಿದಳು. ಪರದೆಯ ತುಂಬ ಸಾಲುಗಳು!

“ನಮ್ಮಜ್ಜಿದು ಬಂತು!” ಅವನ ಹಿಂದೆಯೇ ಓಡಿಬಂದಿದ್ದ ಐಶ್ವರ್ಯ ಕುಣಿದಳು. ದ್ರಾಕ್ಷಾಯಿಣಿಗೆ ಹೋದ ಜೀವ ಬಂದಂತಾಯಿತು.

ಹುಲಿಗೆಪ್ಪ ಮಾತ್ರ ಪರದೆಗೆ ಮೂಗು ಹಚ್ಚಿ ಹುಡುಕುತ್ತಿದ್ದ. “ನಂದೆಲ್ಲೈತಿ? ಇದನ್ನ ಕೇಳಾಕಂತನ ನಮ್ಮಜ್ಜಿ ಭೀಮಕ್ಕ ಮುಂಜಾನೆ ಎಂಟಕ್ಕ ಬಂದು ಕುಂತಾಳ.”

‘ಕಂಪ್ಯೂಟರ್ ತಿಂದೈತಿ’ ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಆದರೆ ದ್ರಾಕ್ಷಾಯಿಣಿ ಒಮ್ಮೆ ಪಡಸಾಲೆಯತ್ತ ನೋಡಿದಳು. ಇನ್ನೊಂದು ಸಲ ಯು ಒತ್ತಿದಳು.

‘ಹೊಲಕ್ಕ ಜೋಡಿ ಬರ್ತಾವ, ಉಣ್ಣಾಕ ಕರದ್ರ ಹೊಸ್ತಿಲ ದಾಟಂಗಿಲ್ಲ.’

“ಬಂತು! ನಂದೊಂದು ಯಾಕ ತಡಾ ಆತು?”

“ನಾನ ಅಳಿಸಿದ್ದೆ. ಆಮಿ ಅಂದಿದ್ಯಲ್ಲ, ಅದಕ್ಕ.”

ಹುಲಿಗೆಪ್ಪ ಕಣ್ಣು ಪಿಳಿಪಿಳಿ ಮಾಡಿದ. “ಭಾರೀ ಅದಿ ಬಿಡು! ನೀ ಆಮಿ ಅಲ್ಲ, ಒಗಟು ತಿನ್ನೋ ಹೆಗ್ಗಣ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಮೊದಲು ಸೇವ್ ಮಾಡಿದಳು.

ಪಡಸಾಲೆಯಲ್ಲಿ ಸರ್ ಮೊದಲ ಒಗಟು ಓದಿದ್ದೇ ತಡ, “ಚಪ್ಪಲಿ! ಚಪ್ಪಲಿ!” ಎಂದು ಮಕ್ಕಳು ಕೂಗಿದರು. ಭೀಮಕ್ಕನಿಗೆ ಓದಲು ಬಾರದು. ಕಾಗದ ಕೈಗೆ ಬಂದಾಗ, “ಇದರಾಗ ನಂದು ಯಾವ್ದವ್ವಾ?” ಎಂದು ಪಕ್ಕದಲ್ಲಿದ್ದ ದ್ರಾಕ್ಷಾಯಿಣಿಯನ್ನು ಕೇಳಿದಳು.

ದ್ರಾಕ್ಷಾಯಿಣಿ ಅವಳ ಬೆರಳು ಹಿಡಿದು ಮೊದಲ ಸಾಲಿನ ಮೇಲೆ ಇಟ್ಟಳು. ಅಜ್ಜಿ ಆ ಸಾಲನ್ನು ಎರಡು ಸಲ ಸವರಿದಳು.

“ಎಷ್ಟು ಛಲೋ ಬರದಾರ! ಯಾರು ಬರದದ್ದು?”

“ಇಕೀನ ಅಜ್ಜಿ, ನಮ್ಮ ದ್ರಾಕ್ಷಾಯಿಣಿ” ಎಂದ ಹುಲಿಗೆಪ್ಪ, ದೊಡ್ಡ ದನಿಯಲ್ಲಿ.

ದ್ರಾಕ್ಷಾಯಿಣಿ ಅಜ್ಜಿಯ ಬೆರಳನ್ನು ಬಿಡದೆ ಹಾಗೇ ಕೂತಳು.