ಒಡೆದ ಅಕ್ಷರ

"ಬೆಲೆಬಾಳೋ ಜಪಾನಿ ಬರಹದ ಸುರುಳಿ ಗೋಡೆ ಮೇಲೇ ಇದೆ ಮೇಡಮ್. ಪಕ್ಕದ ಕರಿ ಕಾಗದ ಮಾತ್ರ ಹೋಗಿದೆ."

ಭಾನುವಾರ ಬೆಳಿಗ್ಗೆ 9.40. ಮ್ಯಾಂಚೆಸ್ಟರ್‌ನ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ದೀಕ್ಷಿತಾಳ ಎದುರು ಕೂತು ಹೀಗೆಂದವನು ಊರಿನ ಕಲಾ ಗ್ಯಾಲರಿಯ ಕ್ಯುರೇಟರ್ ಅಪೂರ್ವ. ಭಾರತದಲ್ಲಾಗಿದ್ದರೆ ಎಫ್‌ಐಆರ್, ಇಲ್ಲಿ ಕ್ರೈಮ್ ನಂಬರ್ ಬಿತ್ತು.

ಹೋದದ್ದು ಚೀನಾದ ಶಿಲಾಶಾಸನವೊಂದರ ಪಡಿಯಚ್ಚು. ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಮಸಿ ತಟ್ಟಿ ತೆಗೆಯುವಂಥದ್ದು. 1880ರಲ್ಲಿ ಚೀನೀ ವಿದ್ವಾಂಸರೊಬ್ಬರು ಇಂಥ ಸಾವಿರಾರು ಅಚ್ಚುಗಳನ್ನು ಜಪಾನಿಗೆ ಒಯ್ದರಂತೆ. ಅವನ್ನು ನೋಡಿಯೇ ಅಲ್ಲಿನವರು ಕುಂಚದಲ್ಲೂ ಉಳಿಯಿಂದ ಕೆತ್ತಿದಂತೆ ಬರೆಯತೊಡಗಿ, ಬರವಣಿಗೆ ಗೋಡೆಗೇರುವ ಕಲೆಯಾಯಿತು ಎಂದು ಅಪೂರ್ವ ವಿವರಿಸಿದ.

"ಅಂದ್ರೆ ಗುರುವನ್ನ ಕದ್ದು ಶಿಷ್ಯನ್ನ ಬಿಟ್ಟಿದ್ದಾರೆ," ಎಂದ ಕಾನ್‌ಸ್ಟೇಬಲ್ ವಿಖ್ಯಾತ್.

ಅಚ್ಚು ಅದೇ ಊರಿನ ಡಿಡ್ಸ್‌ಬರಿ ಬಡಾವಣೆಯ ದಿವಂಗತ ಡಾ. ರಾಜಶೇಖರ ಅವರ ಕೊಡುಗೆ. ಕೆಳಗೆ ಅವರ ಹೆಸರಿನ ಫಲಕ. ನಾಳೆ ಲಂಡನ್‌ನಿಂದ ತಜ್ಞರು ಅದನ್ನು ನೋಡಲು ಬರುವವರಿದ್ದರು.

11.15, ಸ್ಥಳ ಪರಿಶೀಲನೆ. ಯಾರೋ ಅಂಟನ್ನು ನೀರಿನಿಂದ ನೆನೆಸಿ, ಹರಿಯದಂತೆ ಕಾಗದ ಎಬ್ಬಿಸಿದ್ದರು. ಚೌಕಟ್ಟಿನಲ್ಲಿ ಉದ್ದನೆಯ ಬಿಳಿ ಕೂದಲೊಂದು ಸಿಕ್ಕಿತು. ಕುಂಚದಿಂದ ಉದುರಿದ ಮೇಕೆಕೂದಲು ಎಂದ ಅಪೂರ್ವ. ಅಲ್ಲಿನ ಶನಿವಾರದ ಬರವಣಿಗೆ ತರಗತಿಯ ಶಿಕ್ಷಕಿಗೆ ಫೋನ್ ಮಾಡಿದರೆ, ಮೇಕೆಕೂದಲ ಮೆತ್ತನೆಯ ಕುಂಚ ಹಿಡಿಯುವವರು ಒಬ್ಬರೇ ಎಂದರು: ರಾಜಶೇಖರರ ಹೆಂಡತಿ, ಡಾ. ದಾಕ್ಷಾಯಣಿ. ಶನಿವಾರ 4.50ರ ಟ್ರಾಮ್ ಕ್ಯಾಮೆರಾದಲ್ಲಿ ಅವರ ಕಂಕುಳಲ್ಲಿ ಉದ್ದನೆಯ ರಟ್ಟಿನ ಕೊಳವೆಯಿತ್ತು.

ಮಧ್ಯಾಹ್ನ 3.25. ಡಿಡ್ಸ್‌ಬರಿಯ ಮನೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಸಿಂಕಿನ ತುಂಬ ನೀರು. ಅದರ ಮೇಲೆ ಆ ಕರಿ ಕಾಗದ ಹಿಡಿದು ದಾಕ್ಷಾಯಣಿ ನಿಂತಿದ್ದರು. ಮುಂದಕ್ಕೆ ಹೋಗುತ್ತಿದ್ದ ವಿಖ್ಯಾತ್‌ನನ್ನು ದೀಕ್ಷಿತಾ ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ಕೆಳಗಿಡಿ ಡಾಕ್ಟ್ರೇ."

"ಇಟ್ರೆ ನಾಳೆ ನಮ್ಮವರನ್ನ ದಡ್ಡ ಅಂತಾರೆ."

"ಯಾಕೆ?"

"ಕಲ್ಲು ಸವೀತಾ ಹೋಗತ್ತಮ್ಮ. 1880ರ ಅಚ್ಚುಗಳಲ್ಲಿ ಇಡಿಯಾಗಿರೋ ಅಕ್ಷರ ಇದರಲ್ಲಿ ಒಡೆದಿದೆ. ಇದು ಆಮೇಲಿಂದು. ಪಾಪ, ಹಳೇದು ಅಂತ ನಂಬ್ಕೊಂಡೇ ಹೋದ್ರು."

ಮಾಲೀಕತ್ವದ ದಾಖಲೆಯೆಂದು ಗ್ಯಾಲರಿಯಿಂದ ತಂದಿದ್ದ ದಾನಪತ್ರವನ್ನು ದೀಕ್ಷಿತಾ ಮೇಜಿನ ಮೇಲಿಟ್ಟಳು. "ಎರಡನೇ ಪುಟ ನೋಡಿ."

ರಾಜಶೇಖರರ ಕೈಬರಹ: 'ಇದು ಈಚಿನ ಅಚ್ಚೆಂದು ನನಗೆ ತಿಳಿದಿದೆ. ದಾಕ್ಷಾಯಣಿ ಇಪ್ಪತ್ತು ವರ್ಷ ಇದನ್ನೇ ನೋಡಿ ಕೈ ತಿದ್ದಿದ್ದಾಳೆ. ಅವಳಿಗೆ ಹೇಳಬೇಡಿ.'

ಆಕೆ ಎರಡು ಸಲ ಓದಿದರು. ಮಡಿಕೆಯಾಗದಂತೆ ಕರಿ ಕಾಗದವನ್ನು ಮೇಜಿನ ಮೇಲೆ ಹಾಸಿದರು. ಬಂಧಿಸುವಾಗ ಹೇಳಬೇಕಾದ ಕಾನೂನಿನ ಮಾತುಗಳನ್ನು ದೀಕ್ಷಿತಾ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು.

"ಅರ್ಥ ಆಯ್ತಾ ಡಾಕ್ಟ್ರೇ?"

"ಆಯ್ತು. ಕೋಟು ಹಾಕ್ಕೊಳ್ಲಾ?"

"ಹಾಕ್ಕೊಳ್ಳಿ."

ದಾಕ್ಷಾಯಣಿ ಗುಂಡಿಗಳನ್ನು ಒಂದೊಂದು ಕಾಜ ತಪ್ಪಿ ಹಾಕಿಕೊಂಡರು. ದೀಕ್ಷಿತಾ ಬಗ್ಗಿ ಎಲ್ಲವನ್ನೂ ಬಿಚ್ಚಿ, ಕೆಳಗಿನಿಂದ ಮತ್ತೆ ಹಾಕಿದಳು.